ನಾಲ್ಕು ನಿಮಿಷದ ಪುಟ

ಅಪ್ಪನ ಕೋಣೆಯಿಂದ,
ಮಾರ್ಚ್ 9, ಬೆಳಿಗ್ಗೆ

ಪ್ರೀತಿಯ ಪುಟ್ಟೂ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕ್ಯಾಮೆರಾ ಹೊತ್ತು ಊರೂರು ಸುತ್ತುವಾಗ ಇಲ್ಲದ ಬೆನ್ನುನೋವು ಅಪ್ಪ ತೀರಿಕೊಂಡಾಗ ಮಾತ್ರ ಅಡ್ಡಬಂತು. ಇರಲಿ, ನಾನು ಚೆನ್ನಾಗಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ನಿನ್ನೊಂದಿಗೆ ಮಾತು ಬಿಟ್ಟ ಮೂರು ವರ್ಷವೂ ಅಪ್ಪ ದಿನಾ ನಿನ್ನ ಫೋಟೋಗಳ ವೆಬ್‌ಸೈಟ್ ನೋಡುತ್ತಿದ್ದರು. ಜನವರಿಯಲ್ಲಿ, ಅದರ ಕೆಳಗಿರುವ ‘ನಿಮ್ಮ ಅನಿಸಿಕೆ’ ಚೌಕದಲ್ಲಿ ನಿನಗೆ ಬರೆಯಲು ಕೂತರು. ಕೈ ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲವಲ್ಲ, ಒಂದೇ ಬೆರಳಲ್ಲಿ ಒತ್ತುತ್ತಿದ್ದರು. ಎರಡು ಸಾಲು ಆಗುವಷ್ಟರಲ್ಲಿ ಪುಟ ತಾನಾಗಿಯೇ ರಿಲೋಡ್ ಆಗಿ ಬರೆದದ್ದೆಲ್ಲ ಮಾಯ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಗಡಿಯಾರ ರಿಪೇರಿಯವರಲ್ಲವೇ, ಕೈಗಡಿಯಾರ ಹಿಡಿದು ಪತ್ತೆ ಮಾಡಿದರು: “ಸರಿಯಾಗಿ ನಾಲ್ಕು ನಿಮಿಷ ಕಣೇ. ಇವನಿಗೆ ಚಿಕ್ಕಂದಿನಿಂದ್ಲೂ ಪೂರ್ತಿ ಮಾತು ಕೇಳೋ ತಾಳ್ಮೆ ಇಲ್ಲ.” ಅದನ್ನು ನಿಲ್ಲಿಸುವುದು ಹೇಗೆಂದು ನಾನು ಫೋನಲ್ಲಿ ಕೇಳಿದಾಗ ನೀನು, “ಹೊಸ ಫೋಟೋ ಕಾಣ್ಲಿ ಅಂತ ನಾನೇ ಹಾಗಿಟ್ಟಿರೋದು, ನಿನಗ್ಯಾಕಕ್ಕಾ ಅದೆಲ್ಲ” ಎಂದೆ. ಕೊನೆಗೆ ನಮ್ಮ ಆಫೀಸಿನ ಟೈಪಿಸ್ಟ್ ಬಂದು, ರಿಲೋಡ್ ತಡೆಯುವ ಸಣ್ಣ ಎಕ್ಸ್‌ಟೆನ್ಶನ್ ಒಂದನ್ನು ಬ್ರೌಸರಿಗೆ ಹಾಕಿಕೊಟ್ಟಳು. ಅಪ್ಪ ಹನ್ನೊಂದು ದಿನ ಬರೆದರು. ಕಳಿಸಿಬಿಡಿ ಎಂದರೆ, “ಇನ್ನೊಂದ್ ಮಾತಿದೆ, ತಡಿ” ಎನ್ನುತ್ತಿದ್ದರು. ಹನ್ನೆರಡನೆಯ ದಿನ ಅವರೇ ಇರಲಿಲ್ಲ.

ನೀನು ಬಂದು ಅವರ ಕುರ್ಚಿಯಲ್ಲೇ ಕೂತು ಓದಬೇಕೆಂದು ಕಂಪ್ಯೂಟರ್ ಆರಿಸದೆ ಕಾದೆ. ನೀನು ಬರಲಿಲ್ಲ. ಅಪ್ಪನ ಹಳೆಯ ಫೋಟೋ ಬೇಕೆಂದು ಮೊನ್ನೆ ನೀನು ಫೋನು ಮಾಡಿದೆ. ಕಂಪ್ಯೂಟರ್ ತೆವಳುತ್ತಿದೆ ಎಂದು ನಾನು ಹೇಳಿದ್ದಕ್ಕೆ, “ಬ್ರೌಸರಲ್ಲಿ ಬೇಡದ್ದೆಲ್ಲ ತುಂಬ್ಕೊಂಡಿರುತ್ತೆ, ಎಕ್ಸ್‌ಟೆನ್ಶನ್ ಎಲ್ಲಾ ಕಿತ್ತುಹಾಕಕ್ಕಾ” ಎಂದು ಅಪ್ಪಣೆ ಕೊಡಿಸಿದೆ. ನನ್ನ ಬುದ್ಧಿಗೂ ಮಂಕು ಕವಿದಿತ್ತು, ಕಿತ್ತುಹಾಕಿದೆ. ಫೋಟೋ ಹುಡುಕಿ ಕಳಿಸಿ ಮತ್ತೆ ಆ ಪುಟಕ್ಕೆ ಬಂದರೆ, ಅದು ರಿಲೋಡ್ ಆಗಿ ಚೌಕ ಖಾಲಿ. ಅಷ್ಟರಲ್ಲಿ ನಿನ್ನಿಂದ ‘ಥ್ಯಾಂಕ್ಸ್ ಅಕ್ಕಾ’ ಎಂದು ಬಂದಿತ್ತು.

ನಿನ್ನ ಮೇಲೆ ನನಗೆ ಹೊಟ್ಟೆ ಉರಿಯುವಷ್ಟು ಸಿಟ್ಟಿದೆ. ನನ್ನ ಮೇಲೂ ಇದೆ, ಅಷ್ಟಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಕ್ಕ

ತಾ.ಕ.: ಅಪ್ಪ ಮಧ್ಯಾಹ್ನ ಮಲಗಿದಾಗ ನಾನು ಕದ್ದು ಓದುತ್ತಿದ್ದೆ, ದಿನಾ. ಒಂದೊಂದು ಸಾಲೂ ಬಾಯಿಪಾಠವಿದೆ. ಕಾಗದದಲ್ಲಿ ಬರೆಯುವುದಿಲ್ಲ, ಫೋನಲ್ಲೂ ಹೇಳುವುದಿಲ್ಲ. ಬಂದು ಎದುರಿಗೆ ಕೂತು ಕೇಳಿಸಿಕೋ. ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ.