ಗಾಜಿನ ಕೋಣೆಯ ಉನ್‌ಸೊಲ್

ಫೆಬ್ರುವರಿ 22, ಭಾನುವಾರ

ಇವತ್ತೂ ಚರ್ಚಿನ ಹಿಂಬದಿಯ ಗಾಜಿನ ಕೋಣೆಯೇ. ಕೂಸು ಎತ್ತಿಕೊಂಡ ತಾಯಂದಿರು ಕೂರುವ ಜಾಗ. ಒಳಗಿನ ಅಳು ಹೊರಗೆ ಕೇಳಿಸದು, ಹೊರಗಿನ ಬೋಧನೆ ಸ್ಪೀಕರಿನಲ್ಲಿ ಬರುತ್ತದೆ. ನನ್ನ ಕೂಸಿಗೆ ಇಪ್ಪತ್ತೇಳು ವರ್ಷ, ಬುದ್ಧಿ ಮಾತ್ರ ಇನ್ನೂ ಮಗುವಿನದೇ. ಉನ್‌ಸೊಲ್ ಹಾಡಿಗೆ ಚಪ್ಪಾಳೆ ತಟ್ಟಿದಳು, ಅಷ್ಟೇ. ಪಕ್ಕದ ಹೊಸ ಹುಡುಗಿ ತನ್ನ ಮಗುವನ್ನು ಮೆಲ್ಲಗೆ ಆ ಕಡೆಗೆ ಎಳೆದುಕೊಂಡಳು. ಮೈ ಉರಿಯಿತು. ನಕ್ಕೆ.

ಆಮೇಲೆ ಅಡುಗೆಮನೆ. ಇನ್ನೂರು ಬಟ್ಟಲು ನೂಡಲ್ಸ್ ಬಡಿಸುವಾಗ ನಮ್ಮ ಚರ್ಚಿನ ಪಾಸ್ಟರ್ ಮಾ ಬಂದರು.

"ಈಸ್ಟರಿಗೆ ಉನ್‌ಸೊಲ್‌ಗೂ ದೀಕ್ಷಾಸ್ನಾನ ಕೊಡೋಣ ಅಕ್ಕಾ. ಹಿರಿಯರು ಐದು ಪ್ರಶ್ನೆ ಕೇಳ್ತಾರೆ. ಉತ್ತರ ಹೇಳಿದ್ರೆ ಆಯ್ತು."

ದೀಕ್ಷಾಸ್ನಾನ ಆದರೆ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಅವಳಿಗೂ ಸಿಗುತ್ತದೆ! ಸಾರು ಮೈಮೇಲೆ ಚೆಲ್ಲಿಕೊಂಡೆ.

ಮಾರ್ಚ್ 3

ದಿನಾ ಪಾಠ. "ಯೇಸು ನಿನ್ನ ರಕ್ಷಕನಾ?" "ಹೌದು." ಒಂದು ಕಿತ್ತಳೆ ತೊಳೆ. "ನೀನು ಪಾಪಿ ಅಂತ ಒಪ್ಕೋತೀಯಾ?" "ಹೌದು." ಇನ್ನೊಂದು ತೊಳೆ.

ಇವರು ಟಿವಿಯ ಮುಂದಿನಿಂದಲೇ ಗೊಣಗಿದರು: "ಅವಳೇನು ಪಾಪ ಮಾಡಿದ್ದಾಳೆ ಮಾರಾಯ್ತಿ? ಗಿಣಿಗೆ ಮಾತು ಕಲಿಸಿದ ಹಾಗೆ ಕಲಿಸ್ತಿದ್ದೀಯಲ್ಲ."

ಚರ್ಚಿನ ಮೆಟ್ಟಿಲು ಹತ್ತದವರ ಮಾತಿಗೆ ಏನು ಬೆಲೆ!

ಮಾರ್ಚ್ 21, ಶನಿವಾರ, ಮಧ್ಯಾಹ್ನ 3

ಹಿರಿಯರ ಮುಂದೆ ಐದಕ್ಕೂ "ಹೌದು" ಅಂದಳು. ಗಟ್ಟಿಯಾಗಿ, ಸ್ಪಷ್ಟವಾಗಿ. ನನಗೆ ಕಣ್ಣು ತುಂಬಿ ಬಂತು. ಆಗ ಹಿರಿಯರಲ್ಲಿ ದೊಡ್ಡವರಾದ ಟಾಕ್ ಕನ್ನಡಕ ತೆಗೆದು ಮುಂದೆ ಬಗ್ಗಿದರು. ಪ್ರೀತಿಯಿಂದಲೇ ಕೇಳಿದರು —

"ಅಮ್ಮ ಹೇಳ್ಕೊಟ್ಲು ಅಂತ ಹೌದು ಹೌದು ಅಂತಿದ್ದೀಯಾ ಮಗಳೇ?"

"ಹೌದು."

ಅಂದವಳೇ ನನ್ನ ಕಡೆ ಕೈ ಚಾಚಿದಳು. ತೊಳೆ ಬೇಕಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. "ಬರೋ ವರ್ಷ ನೋಡೋಣ ತಾಯಿ, ಅವಸರ ಏನಿದೆ," ಅಂದರು ಟಾಕ್. ಪಾಸ್ಟರ್ ತಲೆ ಎತ್ತಲಿಲ್ಲ.

ತಪ್ಪು ನನ್ನದೇ. ಊಟಕ್ಕೆ ಮುಂಚೆ ತಾನೇ ಕೈಮುಗಿಯುತ್ತಾಳೆ. ನಾನು ಮರೆತರೆ ನನ್ನ ತಲೆ ಹಿಡಿದು ಬಗ್ಗಿಸುತ್ತಾಳೆ. ಅದನ್ನು ಯಾರೂ ಕಲಿಸಿದ್ದಲ್ಲ. ಹಿರಿಯರನ್ನು ಒಂದು ದಿನ ಊಟಕ್ಕೆ ಕರೆದು ತೋರಿಸಿದ್ದರೆ ಸಾಕಿತ್ತು. ಬುದ್ಧಿಗೇಡಿ, ಐದು ಹೌದು ಕಲಿಸಿದೆ.

ಏಪ್ರಿಲ್ 5, ಈಸ್ಟರ್

ಏಳು ಜನರಿಗೆ ದೀಕ್ಷಾಸ್ನಾನ. ಗಾಜಿನಾಚೆ ನೋಡಿದೆವು.

ರೊಟ್ಟಿ ನಿನ್ನೆ ನಾನೇ ಹೆಚ್ಚಿದ್ದು. ತಟ್ಟೆ ನಮ್ಮ ಕೋಣೆಗೂ ಬಂತು — ದೀಕ್ಷೆ ಆದವರಿಗೆ ಮಾತ್ರ. ಉನ್‌ಸೊಲ್ ಎರಡೂ ಕೈ ಜೋಡಿಸಿ ಚಾಚಿದಳು, ದೊಡ್ಡವರು ಏನಾದರೂ ಕೊಡುವಾಗ ಚಾಚಬೇಕಾದ ಹಾಗೇ. ತಟ್ಟೆ ಹಿಡಿದವನು ನನ್ನ ಮುಖ ನೋಡಿದ. ಪಾಪ, ಅವನು ಬೇಡ ಅನ್ನಲಿಲ್ಲ. ಒಂದು ಕ್ಷಣ ನಿಂತೇ ಇದ್ದ. ಬಹುಶಃ ಕೊಡುತ್ತಿದ್ದನೇನೋ.

ನಾನೇ ಅವಳ ಕೈ ಹಿಡಿದು ತೊಡೆಗೆ ಒತ್ತಿದೆ. "ನಿಂಗಲ್ಲ ಪುಟ್ಟೀ," ಅಂದೆ.

ಅವನು ಮುಂದೆ ಹೋದ. ನನ್ನ ತುಣುಕು ಬಾಯಲ್ಲೇ ಇತ್ತು. ಉನ್‌ಸೊಲ್ ಅಳಲಿಲ್ಲ. ನನ್ನನ್ನೇ ನೋಡುತ್ತಾ ಕೈ ಬಿಡಿಸಿಕೊಂಡು, ಊಟಕ್ಕೆ ಮುಂಚೆ ಮಾಡುವ ಹಾಗೇ, ನನ್ನ ತಲೆ ಹಿಡಿದು ಬಗ್ಗಿಸಿದಳು.