ಸೂಜಿ ಬೇಡ ಅಂದವಳು

ಪ್ರೀತಿಯ ಅಕ್ಕಾ,

ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿನ್ನ ಸ್ಕ್ಯಾನಿಂಗ್ ರಿಪೋರ್ಟ್ ಓದಿದ್ದು ನೆನಪಿದೆಯಾ? ಹೊಟ್ಟೆಯೊಳಗೆ ದುಗ್ಧರಸ ಗ್ರಂಥಿಗಳು ಗಂಟುಗಂಟಾಗಿ ಊದಿವೆ, ಸೂಜಿ ಹಾಕಿ ಸ್ಯಾಂಪಲ್ ತೆಗೆಯಬೇಕು ಅಂದಿದ್ದರು ಡಾಕ್ಟರು. "ಚುಚ್ಚಿಸ್ಕೋಬೇಡ ಕಣೇ ಅಕ್ಕ, ಕ್ಯಾನ್ಸರ್ ಆಗಿದ್ರೆ ಚುಚ್ಚಿದ ಕೂಡ್ಲೇ ಹರಡುತ್ತಂತೆ" ಅಂದವಳು ನಾನೇ. ನೀನು ನನ್ನ ಮಾತು ಕೇಳಿದೆ. ಐದೇ ತಿಂಗಳು, ಆಮೇಲೆ ನೀನೇ ಇಲ್ಲವಾದೆ.

ಈ ಬೇಸಿಗೆಯಲ್ಲಿ ನಿನ್ನ ಹಾಗೇ ನನಗೂ ಸಂಜೆಯಾದರೆ ಜ್ವರ ಶುರುವಾಯಿತು. ಮಿಷನ್ ಮುಂದೆ ಬ್ಲೌಸ್ ಹೊಲಿಯುತ್ತ ಕೂತರೆ ಬೆನ್ನೆಲ್ಲ ಬೆವರು. ನಾನೇ ಹೊಲಿದುಕೊಂಡ ರವಿಕೆ ನನಗೇ ದೊಗಳೆ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯ ಮೇಲೆ ಕಪ್ಪು ಉಂಡೆಗಳನ್ನು ತೋರಿಸಿ, ನಿನಗೆ ಹೇಳಿದ್ದನ್ನೇ ನನಗೂ ಹೇಳಿದರು. ಮೂರು ದಿನ ಯಾರಿಗೂ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ನಿನ್ನ ಮಗಳು ರಶ್ಮಿ ನನ್ನ ಬ್ಯಾಗಿನಲ್ಲಿ ರಿಪೋರ್ಟ್ ನೋಡಿಬಿಟ್ಟಳು. "ಚಿಕ್ಕಮ್ಮ, ಅಮ್ಮನ ಥರ ನೀನೂ ಸುಮ್ನಿದ್ಬಿಡ್ತೀಯಾ?"

ಮರುದಿನವೇ ಶಿವಮೊಗ್ಗಕ್ಕೆ ಹೋಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದೆ. ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. "ಚುಚ್ಚಿದ್ರೆ ಹರಡುತ್ತಾ ಮೇಡಂ?" ಅಂದೆ.

"ಆ ಭಯ ಬೇಡಮ್ಮ. ಸೂಜಿ ಎಲ್ಲಿ ಹೋಗುತ್ತೆ ಅಂತ ಸ್ಕ್ಯಾನಲ್ಲಿ ನೋಡ್ತಾನೇ ಇರ್ತೀನಿ. ಉಸಿರು ಹಿಡ್ಕೊಳ್ಳಿ."

ಮೊದಲು ಮರಗಟ್ಟಿಸುವ ಇಂಜೆಕ್ಷನ್, ಆಮೇಲೆ ಒಳಗೆಲ್ಲೋ ಒತ್ತಿದ ಹಾಗೆ. ಅಷ್ಟೇ ಅಕ್ಕಾ. ಅಷ್ಟಕ್ಕೇ ಹೆದರಿ ನಾನು ನಿನ್ನನ್ನು...

ರಿಪೋರ್ಟಿಗಾಗಿ ದಿನ ಎಣಿಸಿದೆ. ಬಂತು. ಕ್ಯಾನ್ಸರ್ ಅಲ್ಲ, ಟಿ.ಬಿ. ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿದರೆ ವಾಸಿಯಾಗುತ್ತದಂತೆ. ಸಮಾಧಾನಕ್ಕೆ ಅಳಬೇಕಿತ್ತು, ಬೇರೆಯೇ ಅಳು ಬಂತು. "ನಮ್ಮಕ್ಕನಿಗೂ ಇದೇ ಇತ್ತಾ ಮೇಡಂ?" ಅಂದೆ. ಅವರು "ಟೆಸ್ಟೇ ಮಾಡ್ಸಿಲ್ವಲ್ಲಮ್ಮ, ಈಗ ಹೇಗೆ ಹೇಳ್ಲಿ?" ಅಂದರು. ಇದಕ್ಕೆ ಉತ್ತರ ಇನ್ನು ಯಾರನ್ನು ಕೇಳಲಿ, ಹೇಳು?

ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು, ನನ್ನ ಜ್ವರ ಬಿಟ್ಟಿದೆ. ಆದರೆ ನಿನಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಹದಿನೈದು ದಿನದಿಂದ ರಶ್ಮಿಗೆ ಸಂಜೆ ಮೈ ಬಿಸಿ. ಊಟ ಸೇರುತ್ತಿಲ್ಲ. "ಪರೀಕ್ಷೆ ಸುಸ್ತು ಇರ್ಬೇಕು ಬಿಡು ಚಿಕ್ಕಮ್ಮ" ಅನ್ನುತ್ತಾಳೆ. ಸೋಮವಾರ ಬೆಳಿಗ್ಗೆ ಇಬ್ಬರೂ ಶಿವಮೊಗ್ಗಕ್ಕೆ ಹೊರಟಿದ್ದೇವೆ. ಡಾಕ್ಟರು ಏನು ಮಾಡಿಸಬೇಕು ಅಂದರೂ, ಈ ಸಲ ಅವಳ ಕೈ ಹಿಡಿದು ನಾನೇ ಒಳಗೆ ಕರೆದುಕೊಂಡು ಹೋಗುತ್ತೇನೆ.

ನಿನ್ನ ತಂಗಿ,
ಸುಧಾ