ಪ್ರಾರ್ಥನೆಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳು

ಮಾನ್ಯರೇ,

ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಮೇಲಧಿಕಾರಿಗಳಾದ ತಾವು ಕಳೆದ ವಾರ ನಮ್ಮ ಶಾಲೆಗೆ ದಯಪಾಲಿಸಿದ ಪ್ರಶಂಸಾಪತ್ರವನ್ನು ಇದರೊಂದಿಗೆ ವಾಪಸು ಕಳಿಸುತ್ತಿದ್ದೇನೆ. 'ತಪಾಸಣೆ ನೂರಕ್ಕೆ ನೂರು, ಗಂಭೀರ ದೋಷ ಶೂನ್ಯ' ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. ಆ ಶೂನ್ಯಕ್ಕೊಂದು ಹೆಸರಿತ್ತು. ವರ್ಷಾ, ಐದನೇ ತರಗತಿ, ಹತ್ತು ವರ್ಷ. ಹುಟ್ಟಿದಾಗಿನಿಂದಲೇ ಹೃದಯದಲ್ಲಿ ತೂತಿದ್ದ ಆ ಮಗು ತೀರಿಕೊಂಡು ನಾಲ್ಕು ತಿಂಗಳಾದವು. ತಮ್ಮ ಅಭಿನಂದನೆ ತಲುಪಿತು, ಧನ್ಯವಾದ.

ಕೂಲಿ ಮಾಡುವ ಮಾರುತಿ, ಅಂಬುಬಾಯಿ ದಂಪತಿಯ ಹಿರಿಯ ಮಗಳು ಅವಳು. ನಾಲ್ಕು ಹೆಜ್ಜೆ ಓಡಿದರೆ ಸಾಕು, ಮೊಣಕಾಲುಗಳನ್ನು ಎದೆಗೊತ್ತಿಕೊಂಡು ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಪ್ರಾರ್ಥನೆಯ ಸಾಲಿನಲ್ಲೂ ಹಾಗೇ. ನಾನೋ ಇಪ್ಪತ್ತೆರಡು ವರ್ಷ ಪಾಠ ಹೇಳಿದವಳು, ಸಾಲು ಕೆಟ್ಟರೆ ತಲೆ ಕೆಡುತ್ತದೆ. ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆ.

"ದಮ್ ಹತ್ತಾಕತ್ತದ್ರಿ ಮೇಡಂ, ಒಂದೀಟು ಕುಂದ್ರತೀನಿ."

"ಯಾರಿಗೂ ಇಲ್ಲದ ದಮ್ ನಿನಗೊಬ್ಬಾಕಿಗೇನ? ನಾಟಕ ಸಾಕು, ನೆಟ್ಟಗ ನಿಂದ್ರು!"

ತುಟಿ ನೀಲಿಯಾಗಿದ್ದರೆ ಪೆನ್ನು ಕಚ್ಚುವ ಚಟವೆಂದುಕೊಂಡು ಪೆನ್ನು ಕಿತ್ತುಕೊಂಡದ್ದೂ ಉಂಟು. ಥೂ, ನನ್ನ ಬುದ್ಧಿಗಿಷ್ಟು!

ನನಗೆ ತಿಳಿಯಲಿಲ್ಲ, ಸರಿ. ಓದಿ ಬಂದ ನಿಮ್ಮವರಿಗೆ? ಜುಲೈನಲ್ಲಿ ನಿಮ್ಮ ವ್ಯಾನು ಹನ್ನೆರಡಕ್ಕೆ ಬಂತು, ಒಂದಕ್ಕೆ ಹೊರಟಿತು. ನೂರಾ ನಲವತ್ಮೂರು ಮಕ್ಕಳು. ತೂಕ ನೋಡಿದರು, ಹಲ್ಲು ನೋಡಿದರು. ಎದೆಯ ಬಡಿತ ಕೇಳುವ ಕೊಳವೆ ಡಾಕ್ಟರ ಕೊರಳಿಂದ ಒಮ್ಮೆಯೂ ಇಳಿಯಲಿಲ್ಲ. ಅದೇನು ಉಪಕರಣವೋ, ಆಭರಣವೋ? "ದೊಡ್ಡ ತೊಂದ್ರಿ ಇದ್ದ ಹುಡುಗರು ಯಾರರೆ ಅದಾರೇನ್ರಿ?" ಎಂದು ಕೇಳಿದರು. ಒಳಗೆ ಬಿಸಿಯೂಟ ಆರುತ್ತಿತ್ತು. "ಎಲ್ಲಾ ಚಲೋ ಅದಾರ್ರಿ ಸಾಹೇಬ್ರ" ಎಂದವಳು ನಾನೇ. ಅವರು ಸಾಲಾಗಿ ಟಿಕ್ ಹಾಕಿದರು.

ಗಣೇಶ ಚೌತಿ ಕಳೆದ ಮೇಲೆ ವರ್ಷಾ ಪಾಟಿಚೀಲ ಹೊರಲಾರದೆ ದಾರಿಯಲ್ಲೇ ಬಿದ್ದಳು. ಅಂಬುಬಾಯಿಯೂ ನಾನೂ ಅವಳನ್ನು ಹುಮನಾಬಾದಿನ ಮಕ್ಕಳ ಡಾಕ್ಟರ ಬಳಿ ಒಯ್ದೆವು. ಅವರು ಕೊಳವೆ ಇಟ್ಟರು, ಕಣ್ಣು ಮುಚ್ಚಿ ಕೇಳಿದರು. ಅರ್ಧ ನಿಮಿಷವಾಗಿರಬಹುದು. ಆಮೇಲೆ ಕೆಳಗೆ ಕುಕ್ಕರಿಸಿದ್ದ ಹುಡುಗಿಯನ್ನೇ ನೋಡುತ್ತ, "ಹಿಂಗ ಕುಂದ್ರೂದು ಯಾರ ಕಲಿಸ್ಯಾರವ್ವಾ?" ಎಂದರು.

"ಯಾರೂ ಇಲ್ರಿ. ಹಿಂಗ ಕುಂತ್ರ ಆರಾಮ ಅನಸ್ತದ."

"ಹಿಂಗ ಕುಂತಾಗ ರಕ್ತ ಫುಪ್ಪುಸಕ್ಕ ಹೋಗ್ತದ. ಅದಕ್ಕ ಈಕಿ ಇನ್ನಾ ಜೀವ ಹಿಡದಾಳ ನೋಡ್ರಿ."

ಅವಳು ತಾನೇ ಕಂಡುಕೊಂಡ ಔಷಧ ಅದು. ಅದನ್ನು ದಿನಾ ಬೆಳಿಗ್ಗೆ ಕಸಿದುಕೊಂಡವಳು ನಾನು.

ಉಚಿತ ಶಸ್ತ್ರಚಿಕಿತ್ಸೆಗೆ ನಿಮ್ಮ ಕಚೇರಿಯ ಚೀಟಿ ಬೇಕೆಂದರು. ಕಚೇರಿಯಲ್ಲಿ ಪುಸ್ತಕ ತೆರೆದು, "ನಮ್ಮ ರಿಜಿಸ್ಟರನಾಗ ಹುಡುಗಿ ಆರಾಮ ಅದಾಳ. ಮತ್ತ ತಪಾಸಣಿ ಆಗಬೇಕು" ಎಂದರು. ಹೃದ್ರೋಗದ ತಜ್ಞರು ಹುಮನಾಬಾದಿಗೆ ತಿಂಗಳಿಗೊಮ್ಮೆ ಬರುತ್ತಾರಂತೆ. ಮೊದಲ ಸಲ ಅವರು ರಜೆ. ಎರಡನೇ ಸಲ ಕಂಪ್ಯೂಟರ್ ರಜೆ. ಮೂರನೇ ಸಲ ವರ್ಷಾ ಅಲ್ಲಿಗೆ ಮುಟ್ಟಲೇ ಇಲ್ಲ. ಬಸವಕಲ್ಯಾಣದಿಂದ ಹೊರಟ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತೆಂದು ಅದರಲ್ಲಿದ್ದವರು ಆಮೇಲೆ ಹೇಳಿದರು. ಅವಳು ಜನರ ಕಾಲುಗಳ ನಡುವೆ ಕುಕ್ಕರಿಸಲು ಹೋದಳು. ತುಳಿದಾರೆಂದು ಯಾರೋ ಪುಣ್ಯಾತ್ಮರು ಮಗುವನ್ನು ಎತ್ತಿ ನಿಲ್ಲಿಸಿದರು. ಮತ್ತೆ ಕೂರಲು ಹೋದಳು, ಮತ್ತೆ ನಿಲ್ಲಿಸಿದರು. ಅವರನ್ನು ಬೈಯಲಾರೆ, ನಾನು ಮಾಡಿದ್ದೂ ಅದನ್ನೇ. "ಕುಂದ್ರಾಕ ಜಾಗಾನ ಸಿಗಲಿಲ್ರಿ ಮೇಡಂ" ಎಂದಷ್ಟೇ ಅಂಬುಬಾಯಿ ನನಗೆ ಹೇಳಿದ್ದು.

ಈಗ ಮಕ್ಕಳು ಸಾಲಿನಲ್ಲಿ ಅವಳ ಜಾಗವನ್ನು ಬಿಟ್ಟು ನಿಲ್ಲುತ್ತಾರೆ. ನಾನು ಹೇಳಿದ್ದಲ್ಲ. ಅತ್ತ ನೋಡಿದರೆ ಅವಳ ಸಣ್ಣ ರಟ್ಟೆ ನನ್ನ ಬೆರಳುಗಳಿಗೆ ತಗುಲುತ್ತದೆ.

ಕಳೆದ ಸೋಮವಾರ ಆ ಜಾಗದಲ್ಲಿ ಒಂದು ಮಗು ಕುಕ್ಕರಗಾಲಲ್ಲಿ ಕೂತಿತ್ತು. ಒಂದನೇ ತರಗತಿಯ ಪೂನಂ, ವರ್ಷಾಳ ತಂಗಿ. "ದಮ್ ಹತ್ತಾಕತ್ತದೇನ ಪುಟ್ಟಿ?" ಎಂದೆ. "ಅಕ್ಕ ಹಿಂಗ ಕುಂದ್ರತಿದ್ಲು" ಎಂದಳು. ಅಂದಿನಿಂದ ದಿನಾ ಕೂರುತ್ತಾಳೆ. ಇದು ಅಕ್ಕನ ನೆನಪೋ, ಅಕ್ಕನ ರೋಗವೋ? ನನಗೆ ಗೊತ್ತಾಗುತ್ತಿಲ್ಲ. ಅಂಬುಬಾಯಿ ಮತ್ತೆ ಆ ಬಸ್ಸು ಹತ್ತಲೊಲ್ಲಳು. ಸಂಜೆ ಶಾಲೆಯ ಗೇಟಿನಲ್ಲಿ ನಿಂತು, "ಇವತ್ತೂ ಕುಂತಿದ್ಲೇನ್ರಿ?" ಎಂದು ಕೇಳುತ್ತಾಳೆ. ನಿಮ್ಮ ರಿಜಿಸ್ಟರಿನಲ್ಲಿ ಪೂನಂ ಹೆಸರಿನ ಮುಂದೆಯೂ ಅದೇ ಜುಲೈ ತಿಂಗಳ ಟಿಕ್ ಇದೆ.

ಆದ್ದರಿಂದ ಅಕ್ಕತಂಗಿಯರಿಬ್ಬರ ಟಿಕ್ಕುಗಳನ್ನೂ ಅಳಿಸಿ. ಈ ವಾರವೇ ಡಾಕ್ಟರನ್ನು ಕಳಿಸಿ, ಪ್ರಾರ್ಥನೆಯ ಹೊತ್ತಿಗೆ. ಮೊದಲು ಪೂನಂ, ಆಮೇಲೆ ಉಳಿದ ಪ್ರತಿಯೊಂದು ಮಗುವಿನ ಎದೆಗೂ ಆ ಕೊಳವೆ ಮುಟ್ಟಬೇಕು. ಅಲ್ಲಿಯವರೆಗೆ ನಮ್ಮ ಶಾಲೆಯಲ್ಲಿ ಯಾರಿಗೂ ಎದ್ದು ನಿಲ್ಲೆಂದು ನಾನು ಹೇಳುವುದಿಲ್ಲ. ಪ್ರಾರ್ಥನೆ ಕೂತೇ ನಡೆಯುತ್ತಿದೆ. ಶಿಸ್ತುಕ್ರಮ ಜರುಗಿಸುವುದಿದ್ದರೆ ಜರುಗಿಸಿ, ಆದರೆ ಬನ್ನಿ.

ಇಂತಿ,
"ಎಲ್ಲಾ ಚಲೋ ಅದಾರ್ರಿ" ಎಂದಿದ್ದ
ಜಯಮಾಲಾ, ಸಹಶಿಕ್ಷಕಿ
ಬಸವಕಲ್ಯಾಣ ತಾಲ್ಲೂಕು